ಶುಗರ್ ಇದ್ದವರಿಗೆ ನೋವಿನ ಮದ್ದು ಯಾಕೆ ನಾಟುವುದಿಲ್ಲ?

ಹೋದ ವರ್ಷ ನಮ್ಮ ಸೋದರತ್ತೆಗೆ ಬಲ ಮಂಡಿಯ ಆಪರೇಷನ್ ಆಯಿತು. ವಯಸ್ಸು 66. ಶುಗರ್ ಬಂದು 18 ವರ್ಷ. ಆ ರಾತ್ರಿ ವಾರ್ಡಿನಲ್ಲಿ ಅವರ ಜೊತೆ ನಾನಿದ್ದೆ. ಡ್ರಿಪ್‌ನಲ್ಲಿ ಟ್ರಮಡಾಲ್ ಎಂಬ ನೋವಿನ ಔಷಧ ಹಾಕಿದ್ದರು. ಪಕ್ಕದ ಮಂಚದ ಹೆಂಗಸಿಗೂ ಅದೇ ದಿನ ಅದೇ ಆಪರೇಷನ್, ಅದೇ ಔಷಧ. ಅವರು ಹತ್ತು ಗಂಟೆಗೆಲ್ಲ ನಿದ್ದೆ ಹೋದರು. ಅತ್ತೆ ಮಂಚದ ಕಂಬಿ ಹಿಡಿದುಕೊಂಡು ಒಂದೇ ಸಮ ನರಳುತ್ತಿದ್ದರು. ಎರಡು ಸಲ ನರ್ಸ್ ಅನ್ನು ಕರೆದೆ. ಎರಡನೇ ಸಲ ಬಂದವರು, "ಎಲ್ಲರಿಗೂ ಇಷ್ಟೇ ಕೊಡೋದು ಅಮ್ಮಾ, ಸ್ವಲ್ಪ ತಡ್ಕೋಬೇಕು. ಪಕ್ಕದವರು ಮಲಗಿಲ್ವಾ?" ಅಂದರು. ಆಮೇಲೆ ಅತ್ತೆ ಬಾಯಿ ಬಿಡಲಿಲ್ಲ. ಟವೆಲ್ಲಿನ ತುದಿ ಕಚ್ಚಿಕೊಂಡು ಬೆಳಗಿನವರೆಗೆ ಫ್ಯಾನ್ ನೋಡುತ್ತಾ ಮಲಗಿದ್ದರು.

ಅತ್ತೆ ಸ್ವಲ್ಪ ಜಾಸ್ತಿ ಮಾಡ್ತಿದ್ದಾರಾ ಅಂತ ಆ ರಾತ್ರಿ ನನಗೂ ಒಮ್ಮೆ ಅನಿಸಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ. ರಕ್ತದಲ್ಲಿ ಸಕ್ಕರೆ ಏರಿದ ದೇಹದಲ್ಲಿ ಮಾರ್ಫಿನ್ ಜಾತಿಯ ಔಷಧಗಳು ಮೊದಲಿನಷ್ಟು ನಾಟುವುದಿಲ್ಲ ಎಂಬುದಕ್ಕೆ 40 ವರ್ಷಗಳಿಂದ ಪುರಾವೆ ಸೇರುತ್ತಲೇ ಇದೆ. ಅದು ಪ್ರಯೋಗಾಲಯದಿಂದ ವಾರ್ಡಿಗೆ, ವಾರ್ಡಿನಿಂದ ಮನೆಗೆ ಬಂದು ತಲುಪಿಲ್ಲ, ಅಷ್ಟೇ.

ಇದು ಒಬ್ಬಿಬ್ಬರ ಮಾತೂ ಅಲ್ಲ. ಕೇಂದ್ರದ ವೈದ್ಯಕೀಯ ಸಂಶೋಧನಾ ಸಂಸ್ಥೆ ಐಸಿಎಂಆರ್ ನೆರವಿನಿಂದ ನಡೆದ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕದಲ್ಲಿ ಭಾರತದಲ್ಲಿ ಸುಮಾರು 10.1 ಕೋಟಿ ಜನರಿಗೆ ಶುಗರ್ ಇದೆ. ಇವರಲ್ಲಿ ಎಷ್ಟೋ ಜನ ಒಂದಲ್ಲ ಒಂದು ದಿನ ಆಪರೇಷನ್ ಟೇಬಲ್ ಮೇಲೆ ಮಲಗುತ್ತಾರೆ. ಎಷ್ಟೋ ಜನರಿಗೆ ಅಂಗಾಲು ಉರಿ ಶುರುವಾಗುತ್ತದೆ. ಕೆಲವರಿಗೆ ಕ್ಯಾನ್ಸರ್ ಬರುತ್ತದೆ. ಆಗೆಲ್ಲ ನೋವಿನ ಔಷಧ ಬೇಕೇ ಬೇಕಲ್ವಾ?

ಮೊದಲು ಈ ಔಷಧಗಳ ಕುಲ ಯಾವುದು ನೋಡೋಣ. ಪಾಯಸಕ್ಕೆ ಹಾಕುವ ಗಸಗಸೆಯ ಗಿಡವೇ ಇದರ ತವರು. ಬೀಜದಲ್ಲಿ ಅಮಲಿನ ಅಂಶ ಇಲ್ಲವೆನ್ನುವಷ್ಟು ಕಡಿಮೆ. ಬಲಿಯದ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಅಫೀಮು. ಅದರಲ್ಲಿ ಮಾರ್ಫಿನ್ ಇದೆ, ಕೊಡೀನ್ ಇದೆ. 1800ರ ದಶಕದ ಆರಂಭದಲ್ಲಿ ಜರ್ಮನಿಯ ಸೆರ್ಟ್ಯೂರ್ನರ್ ಅಫೀಮಿನಿಂದ ಮಾರ್ಫಿನ್ ಅನ್ನು ಬೇರೆ ಮಾಡಿದರು. ಟ್ರಮಡಾಲ್, ಟಪೆಂಟಡಾಲ್, ಫೆಂಟನಿಲ್ ಕಾರ್ಖಾನೆಯಲ್ಲಿ ತಯಾರಾದವು. ಆದರೂ ಕೆಲಸ ಮಾಡುವ ದಾರಿ ಬಹುಪಾಲು ಅದೇ. ಇವೆಲ್ಲಕ್ಕೂ ಸೇರಿ ಓಪಿಯಾಯ್ಡ್ ಎಂಬ ಹೆಸರು.

ನಮ್ಮ ನರಗಳ ಮೇಲೆ ಈ ಔಷಧಗಳು ಹೋಗಿ ಕೂರುವ ಜಾಗಗಳಿವೆ. ಅವಕ್ಕೆ ರಿಸೆಪ್ಟರ್ ಅನ್ನುತ್ತಾರೆ. 1973ರಲ್ಲಿ ಇವು ಪತ್ತೆಯಾದವು. ಎರಡೇ ವರ್ಷದಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಹ್ಯೂಸ್ ಮತ್ತು ಕೋಸ್ಟರ್ಲಿಟ್ಜ್ ಇನ್ನೊಂದು ಸಂಗತಿ ಕಂಡುಕೊಂಡರು. ದೇಹವೇ ತನಗೆ ಬೇಕಾದ ಮಾರ್ಫಿನ್‌ನಂಥ ವಸ್ತುವನ್ನು ತಯಾರಿಸಿಕೊಳ್ಳುತ್ತದೆ. ಹೊರಗಿನ ಮಾರ್ಫಿನ್ ಹೋಗಿ ಕೂರುವುದು ಅದಕ್ಕೆಂದೇ ಇರುವ ಜಾಗದಲ್ಲಿ. ಈ ರಿಸೆಪ್ಟರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ: ಮ್ಯೂ, ಡೆಲ್ಟಾ, ಕಪ್ಪಾ. ಮಾರ್ಫಿನ್ ನೆಚ್ಚಿಕೊಂಡಿರುವುದು ಮ್ಯೂ ಬಗೆಯನ್ನು.

ಕೆರೆಯ ತೂಬು ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಕಾಲಿನಿಂದ ನೋವಿನ ಸುದ್ದಿ ಕಾಲುವೆಯ ನೀರಿನ ಹಾಗೆ ಬೆನ್ನುಹುರಿಗೆ ಬರುತ್ತದೆ. ಅಲ್ಲಿಂದ ಮೆದುಳಿಗೆ ಹರಿಯುತ್ತದೆ. ನಡುವೆ ತೂಬುಗಳಿವೆ. ಮಾರ್ಫಿನ್ ಮ್ಯೂ ರಿಸೆಪ್ಟರ್ ಮೇಲೆ ಕೂತಾಗ ತೂಬಿನ ಹಲಗೆ ಇಳಿಯುತ್ತದೆ. ಗಾಯ ಇದ್ದ ಹಾಗೇ ಇರುತ್ತದೆ, ಸುದ್ದಿ ಮಾತ್ರ ಮುಂದೆ ಹೋಗುವುದಿಲ್ಲ.

ಶುಗರ್ ಏರಿದ ದೇಹದಲ್ಲಿ ಈ ಹಲಗೆ ಪೂರ್ತಿ ಇಳಿಯುವುದಿಲ್ಲ. 1981ರಲ್ಲಿ ಸೈಮನ್, ಡ್ಯೂಯಿ ಎಂಬ ಅಮೆರಿಕದ ಸಂಶೋಧಕರು ಇದನ್ನು ಸ್ಪಷ್ಟವಾಗಿ ತೋರಿಸಿದರು. ಸ್ಟ್ರೆಪ್ಟೋಜೋಟೋಸಿನ್ ಎಂಬ ವಸ್ತು ಇನ್ಸುಲಿನ್ ತಯಾರಿಸುವ ಜೀವಕೋಶಗಳನ್ನು ಕೊಲ್ಲುತ್ತದೆ. ಅದನ್ನು ಚುಚ್ಚಿದರೆ ಪ್ರಾಣಿಗೆ ಕೆಲವೇ ದಿನಗಳಲ್ಲಿ ಸಕ್ಕರೆ ಕಾಯಿಲೆ ಬರುತ್ತದೆ. ಆ ಮೇಲೆ ಬಾಲಕ್ಕೆ ಬಿಸಿ ತಾಗಿಸಿ, ಎಷ್ಟು ಹೊತ್ತಿಗೆ ಬಾಲ ಎಳೆದುಕೊಳ್ಳುತ್ತದೆ ಎಂದು ನೋಡುತ್ತಾರೆ. ಮಾರ್ಫಿನ್ ಕೊಟ್ಟ ಆರೋಗ್ಯವಂತ ಪ್ರಾಣಿ ನಿಧಾನವಾಗಿ ಎಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಬಂದ ಪ್ರಾಣಿ ಅಷ್ಟೇ ಮಾರ್ಫಿನ್ ಪಡೆದರೂ ಬೇಗ ಎಳೆದುಕೊಂಡಿತು.

1992ರಲ್ಲಿ ಜಪಾನಿನ ಜುಂಜೊ ಕಮೆಯಿ ಮತ್ತು ಜೊತೆಗಾರರು ಇನ್ನೂ ಒಳಗೆ ಹೋಗಿ ನೋಡಿದರು. ಸಕ್ಕರೆ ಕಾಯಿಲೆ ಇದ್ದ ಇಲಿಗಳಲ್ಲಿ ಮ್ಯೂ ದಾರಿಯ ಔಷಧಗಳ ಬಲ ಕುಗ್ಗಿತ್ತು. ಡೆಲ್ಟಾ, ಕಪ್ಪಾ ದಾರಿಯವು ಹಾಗೆ ಕುಗ್ಗಿರಲಿಲ್ಲ. ನನಗೆ ಇದು ಬಹಳ ಮುಖ್ಯ ಅನಿಸುತ್ತದೆ. ಒಟ್ಟಾರೆ ದೇಹ ಸೊರಗಿ ಔಷಧ ಹತ್ತಲಿಲ್ಲ ಅನ್ನುವುದಾದರೆ ಮೂರೂ ದಾರಿ ಒಂದೇ ಸಮ ಸೋಲಬೇಕಿತ್ತು. ಸೋತದ್ದು ಒಂದೇ. ನಾವು ಆಸ್ಪತ್ರೆಯಲ್ಲಿ ಬಳಸುವ ಮಾರ್ಫಿನ್, ಫೆಂಟನಿಲ್ ಮುಖ್ಯವಾಗಿ ಓಡಾಡುವುದೂ ಅದೇ ದಾರಿಯಲ್ಲಿ.

ಹಲಗೆ ಯಾಕೆ ಕೆಟ್ಟಿತು? ಇಲ್ಲಿ ವಿಜ್ಞಾನಿಗಳ ನಡುವೆ ಒಮ್ಮತ ಇಲ್ಲ. 2003ರಲ್ಲಿ ಅಮೆರಿಕದ ಒಂದು ತಂಡ ಇಲಿಗಳ ಬೆನ್ನುಹುರಿ ಪರೀಕ್ಷಿಸಿತು. ಮ್ಯೂ ರಿಸೆಪ್ಟರ್‌ಗಳ ಸಂಖ್ಯೆ ಕಡಿಮೆಯಾಗಿಲ್ಲ, ಆದರೂ ಮಾರ್ಫಿನ್ ಕೆಲಸ ಕಡಿಮೆಯಾಗಿದೆ ಎಂದು ಹೇಳಿತು. ಹತ್ತು ವರ್ಷದ ನಂತರ ಬರ್ಲಿನ್ನಿನ ತಂಡವೊಂದು ಸಂಖ್ಯೆಯೂ ಕಡಿಮೆಯಾಗಿದೆ, ಉಳಿದವೂ ಸರಿಯಾಗಿ ಕೆಲಸ ಮಾಡುತ್ತಿಲ್ಲ ಅಂದಿತು. ನರ ಬೆಳೆಯಲು ನೆರವಾಗುವ ಒಂದು ಪ್ರೋಟೀನ್ ಕೊಟ್ಟಾಗ ಎರಡೂ ಸುಧಾರಿಸಿದವು. ಎಣಿಕೆಯಲ್ಲಿ ಜಗಳ ಇರಬಹುದು. ಇದ್ದ ರಿಸೆಪ್ಟರ್ ಮಂಕಾಗಿದೆ ಎಂಬುದನ್ನು ಎರಡೂ ಕಡೆಯವರು ಒಪ್ಪುತ್ತಾರೆ.

ಮಂಕಾಗಲು ಕಾರಣ ಅಂತ ಬರ್ಲಿನ್ನಿನವರು ತೋರಿಸಿದ್ದು ನಮಗೆಲ್ಲ ಪರಿಚಯ ಇರುವ ಸಂಗತಿಯನ್ನೇ. ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಟೆಸ್ಟ್ ಮಾಡಿಸುತ್ತೇವಲ್ಲ, ಅದು ಅಳೆಯುವುದು ಏನನ್ನು? ರಕ್ತದ ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿಕೊಂಡಿದೆ ಎಂಬುದನ್ನು. ಬೆಲ್ಲದ ಪಾಕ ಕೈಗೆ ಮೆತ್ತಿಕೊಂಡ ಹಾಗೆ ಸಕ್ಕರೆ ಪ್ರೋಟೀನ್‌ಗಳಿಗೆ ಮೆತ್ತಿಕೊಳ್ಳುತ್ತದೆ. ಅದು ಹಿಮೋಗ್ಲೋಬಿನ್‌ಗೆ ಮಾತ್ರ ನಿಲ್ಲುವುದಿಲ್ಲ. ಹೀಗೆ ಮೆತ್ತಿಕೊಂಡು ಕೆಟ್ಟ ಪ್ರೋಟೀನ್‌ಗಳು ನರಕೋಶಗಳನ್ನು ಕೆಣಕುತ್ತವೆ. ಕೋಶದೊಳಗೆ ಪಿಕೆಸಿ ಎಂಬ ಕಿಣ್ವ ಚುರುಕಾಗುತ್ತದೆ. ಅದು ಮ್ಯೂ ರಿಸೆಪ್ಟರ್‌ನ ಒಳಬದಿಗೆ ಕೈ ಹಾಕಿ ಅದನ್ನು ಜಡ ಮಾಡುತ್ತದೆ. ಮಾರ್ಫಿನ್ ಬಂದು ಕೂತರೂ ಒಳಗೆ ಸುದ್ದಿ ಮುಟ್ಟುವುದಿಲ್ಲ. ಅಂದರೆ ಎಚ್‌ಬಿಎ1ಸಿ 9 ಅಂತ ಬಂದ ಕಾಗದ ನೋಡುವಾಗ ಕಣ್ಣು, ಕಿಡ್ನಿಯ ಜೊತೆಗೆ ಇದೂ ನೆನಪಿಗೆ ಬರಬೇಕು.

ಅದೂ ಅಲ್ಲದೆ ನೋವೇ ಜಾಸ್ತಿ ಆಗುತ್ತದೆ. 1984ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಶುಗರ್ ಇಲ್ಲದ ಆರೋಗ್ಯವಂತರಿಗೆ 50 ಗ್ರಾಂ ಗ್ಲುಕೋಸ್ ಅನ್ನು ರಕ್ತನಾಳದ ಮೂಲಕ ಕೊಟ್ಟರು. ಅವರು ನೋವು ತಡೆದುಕೊಳ್ಳುವ ಮಟ್ಟ ಅಷ್ಟರಲ್ಲೇ ಇಳಿಯಿತು. ಇದು ಮನುಷ್ಯರ ಮೇಲೆ ನಡೆದದ್ದು. ತೂಬಿನ ಹಲಗೆ ಒಂದು ಕಡೆ ಸವೆದಿದೆ, ಇನ್ನೊಂದು ಕಡೆ ಕಾಲುವೆಯಲ್ಲಿ ನೀರೂ ಏರಿದೆ.

ಅಂಗಾಲು ಉರಿ ಇರುವವರಲ್ಲಿ ಸಮಸ್ಯೆ ಇನ್ನೂ ಬೇರೆ. ಅತ್ತೆಗೆ ಅದೂ ಇದೆ. ರಾತ್ರಿ ಹನ್ನೊಂದಾದರೆ ಹೊದಿಕೆಯಿಂದ ಕಾಲು ಹೊರಗೆ ಹಾಕುತ್ತಾರೆ. ಆಮೇಲೆ ಎದ್ದು ಹೋಗಿ ಅಡುಗೆಮನೆಯ ರೆಡ್ ಆಕ್ಸೈಡ್ ನೆಲದ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರೆ. "ಕೆಂಡ ಇಟ್ಟ ಹಾಗಾಗುತ್ತೆ ಕಣೋ" ಅನ್ನುತ್ತಾರೆ. ಅದೇ ಕಾಲಿಗೆ ಒಂದು ಸಲ ಡ್ರಾಯಿಂಗ್ ಪಿನ್ ಚುಚ್ಚಿಕೊಂಡು ಸಂಜೆಯವರೆಗೆ ಅವರಿಗೆ ಗೊತ್ತೇ ಆಗಿರಲಿಲ್ಲ. ಹೊರಗಿನ ಪೆಟ್ಟು ತಿಳಿಯುವುದಿಲ್ಲ, ಪೆಟ್ಟಿಲ್ಲದೆ ಉರಿಯುತ್ತದೆ. ಮನೆಯವರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಆದರೆ ಎರಡಕ್ಕೂ ಮೂಲ ಒಂದೇ, ಕೆಟ್ಟ ನರ. ಸುದ್ದಿ ತರಬೇಕಾದ ಎಳೆಗಳು ಸತ್ತಿವೆ. ಉಳಿದ ಎಳೆಗಳು ಯಾರೂ ಮುಟ್ಟದಿದ್ದರೂ ತಾವೇ ಬಡಿದುಕೊಳ್ಳುತ್ತವೆ. ಇಂಥ ನೋವಿಗೆ ಓಪಿಯಾಯ್ಡ್ ಮೊದಲಿನಿಂದಲೂ ಅಷ್ಟು ಚೆನ್ನಾಗಿ ಒಗ್ಗುವುದಿಲ್ಲ.

ಒಗ್ಗುವುದೇ ಇಲ್ಲ ಅಂದರೆ ತಪ್ಪಾಗುತ್ತದೆ. 2005ರಲ್ಲಿ ಕೆನಡಾದ ಸಂಶೋಧಕರು ನರನೋವಿನವರಿಗೆ ಮಾರ್ಫಿನ್ ಮತ್ತು ನರನೋವಿನ ಮಾತ್ರೆಯಾದ ಗ್ಯಾಬಾಪೆಂಟಿನ್ ಎರಡನ್ನೂ ಸೇರಿಸಿ ಕೊಟ್ಟು ನೋಡಿದರು. ಅವರಲ್ಲಿ ಶುಗರ್‌ನಿಂದ ನರ ಕೆಟ್ಟವರೂ ಇದ್ದರು. ಒಂದೊಂದೇ ಕೊಡುವುದಕ್ಕಿಂತ ಎರಡೂ ಸೇರಿದಾಗ ಕಡಿಮೆ ಡೋಸ್‌ನಲ್ಲೇ ನೋವು ಹೆಚ್ಚು ಇಳಿಯಿತು. ಆದರೆ ಅದು ಕೆಲವೇ ವಾರಗಳ ಪ್ರಯೋಗ. 2019ರ ಕೊನೆಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಂದು ಎಚ್ಚರಿಕೆ ಕೊಟ್ಟಿತು. ಗ್ಯಾಬಾಪೆಂಟಿನ್, ಪ್ರೆಗಾಬಲಿನ್ ಜೊತೆಗೆ ಓಪಿಯಾಯ್ಡ್ ಸೇರಿದರೆ ಉಸಿರಾಟ ಕುಗ್ಗಬಹುದು, ವಯಸ್ಸಾದವರಲ್ಲಿ ಮತ್ತು ಶ್ವಾಸಕೋಶದ ತೊಂದರೆ ಇದ್ದವರಲ್ಲಿ ಇನ್ನೂ ಜಾಗ್ರತೆ ಬೇಕು ಅಂತ.

ಹಾಗಾದರೆ ನಾಟದಿದ್ದರೆ ಡೋಸ್ ಏರಿಸಿದರಾಯಿತಲ್ಲ? ಅಪಾಯ ಇರುವುದೇ ಅಲ್ಲಿ. ನೋವು ಇಳಿಸುವ ಬಲ ಕುಗ್ಗಿದೆ ಅಂತ ತೊಂದರೆ ಕೊಡುವ ಬಲವೂ ಕುಗ್ಗಿರಬೇಕಿಲ್ಲ. ಮಾರ್ಫಿನ್ ಪಿತ್ತಜನಕಾಂಗದಲ್ಲಿ ಒಡೆದು ಬೇರೆ ರೂಪಗಳಾಗುತ್ತದೆ. ಅವುಗಳಲ್ಲಿ ಒಂದು ಸ್ವತಃ ಮಾರ್ಫಿನ್‌ನಂತೆಯೇ ಕೆಲಸ ಮಾಡುತ್ತದೆ. ಇವನ್ನು ಹೊರಗೆ ಹಾಕುವ ಕೆಲಸ ಕಿಡ್ನಿಯದು. ಬಹಳ ವರ್ಷ ಶುಗರ್ ಇದ್ದವರಲ್ಲಿ ಕಿಡ್ನಿ ಸೋತಿರುವುದು ಮಾಮೂಲು. ಆಗ ಅದು ದೇಹದಲ್ಲೇ ಸೇರಿಕೊಳ್ಳುತ್ತದೆ. ನೋವು ಇದೆ ಅಂತ ಏರಿಸಿದ ಡೋಸ್ ಮಾರನೆಯ ದಿನ ಮಂಪರಾಗಿ, ನಿಧಾನದ ಉಸಿರಾಗಿ ತಿರುಗಬಹುದು. ಹೊಟ್ಟೆಯ ಕಥೆಯೂ ಹಾಗೇ. ಶುಗರ್‌ನಿಂದ ಹೊಟ್ಟೆಯ ನರ ಕೆಟ್ಟವರಿಗೆ ಉಂಡದ್ದು ಮೊದಲೇ ಮುಂದೆ ಸಾಗುವುದಿಲ್ಲ. ಓಪಿಯಾಯ್ಡ್ ಕರುಳನ್ನು ಇನ್ನೂ ನಿಧಾನ ಮಾಡುತ್ತದೆ. ಊಟ ಸೇರುವುದಿಲ್ಲ, ಇನ್ಸುಲಿನ್ ಲೆಕ್ಕ ತಪ್ಪುತ್ತದೆ.

ಟ್ರಮಡಾಲ್ ಬಗ್ಗೆ ಇನ್ನೊಂದು ಮಾತು ಇದೆ. ಇದನ್ನು ಮಾತ್ರ ಯಾರೂ ಮರೆಯಬಾರದು. 2014ರ ಕೊನೆಯಲ್ಲಿ ಬ್ರಿಟನ್ನಿನ ದಾಖಲೆಗಳ ಮೇಲೆ ಒಂದು ಅಧ್ಯಯನ ಬಂತು. ಕ್ಯಾನ್ಸರ್ ಅಲ್ಲದ ನೋವಿಗೆ ಟ್ರಮಡಾಲ್ ಅಥವಾ ಕೊಡೀನ್ ಶುರುಮಾಡಿದ 3 ಲಕ್ಷಕ್ಕೂ ಹೆಚ್ಚು ಜನರ ದಾಖಲೆ. ಕೊಡೀನ್ ತೆಗೆದುಕೊಂಡವರಿಗಿಂತ ಟ್ರಮಡಾಲ್ ತೆಗೆದುಕೊಂಡವರು ಲೋ ಶುಗರ್ ಆಗಿ ಆಸ್ಪತ್ರೆ ಸೇರಿದ್ದು ಜಾಸ್ತಿ. ಮೊದಲ ತಿಂಗಳಲ್ಲಂತೂ ಅಪಾಯ ಎರಡು ಪಟ್ಟಿಗೂ ಮೀರಿತ್ತು. ಒಟ್ಟು ಲೆಕ್ಕದಲ್ಲಿ ಇದು ಅಪರೂಪವೇ. ಆದರೆ ಶುಗರ್ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗುವ, ಇನ್ಸುಲಿನ್ ಹಾಕಿಕೊಳ್ಳುವ, ಆಪರೇಷನ್ ಆಗಿ ಒಂದು ಇಡ್ಲಿಯೂ ಸೇರದ ಹಿರಿಯರನ್ನು ನೆನೆಸಿಕೊಳ್ಳಿ. ಬೆವರು, ನಡುಕ, ತೊದಲು ಮಾತು ಬಂದರೆ ಮನೆಯವರು ಏನಂದುಕೊಳ್ಳುತ್ತಾರೆ? ನೋವಿನ ಮಾತ್ರೆಯ ಮಂಪರು ಅಂದುಕೊಂಡು ಮಲಗಿಸುತ್ತಾರೆ. ಮೊದಲು ಬೆರಳು ಚುಚ್ಚಿ ಶುಗರ್ ನೋಡಬೇಕು.

ಈ ಎಲ್ಲ ಕಾರಣ ಸೇರಿ ವೈದ್ಯರ ಮಾರ್ಗಸೂಚಿಗಳು ಬದಲಾದವು. ಅಮೆರಿಕದ ನರರೋಗ ತಜ್ಞರ ಅಕಾಡೆಮಿಯ ಹೊಸ ಮಾರ್ಗಸೂಚಿ 2022ರಲ್ಲಿ ಬಂತು. ಶುಗರ್‌ನ ನರನೋವಿಗೆ ಓಪಿಯಾಯ್ಡ್ ಬಳಸಬೇಡಿ ಎಂದು ಅದು ಹೇಳಿತು. ಟ್ರಮಡಾಲ್, ಟಪೆಂಟಡಾಲ್‌ಗೂ ಅದೇ ಮಾತು. ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್ ಕೂಡ ಇದೇ ನಿಲುವಿಗೆ ಬಂದಿದೆ. ಗಮನಿಸಬೇಕಾದ ಸಂಗತಿ, 2012ರಲ್ಲಿ ಟಪೆಂಟಡಾಲ್‌ನ ಒಂದು ರೂಪಕ್ಕೆ ಇದೇ ನರನೋವಿಗೆಂದು ಎಫ್‌ಡಿಎ ಒಪ್ಪಿಗೆ ಕೊಟ್ಟಿತ್ತು. ಹತ್ತು ವರ್ಷದಲ್ಲಿ ತಜ್ಞರ ಮಾತು ಅಷ್ಟು ತಿರುಗಿತು.

ಬದಲಿಗೆ ಏನಿದೆ? ಬ್ರಿಟನ್ನಿನಲ್ಲಿ 130 ಜನರ ಮೇಲೆ ನಡೆದ ಒಂದು ಪ್ರಯೋಗ 2022ರಲ್ಲಿ ಪ್ರಕಟವಾಯಿತು. ಅಮಿಟ್ರಿಪ್ಟಿಲಿನ್, ಡುಲೋಕ್ಸೆಟಿನ್, ಪ್ರೆಗಾಬಲಿನ್ ಮೂರರಲ್ಲಿ ಯಾವುದರಿಂದ ಶುರುಮಾಡಿದರೂ ಫಲ ಹೆಚ್ಚುಕಡಿಮೆ ಒಂದೇ. ಒಂದರಿಂದ ಸಾಲದಿದ್ದಾಗ ಇನ್ನೊಂದು ಸೇರಿಸಿದರೆ ಮತ್ತಷ್ಟು ಉಪಯೋಗ. ಹತ್ತರಲ್ಲಿ ಆರೂವರೆ ಇದ್ದ ನೋವು ಮೂರೂಕಾಲಿನ ಆಸುಪಾಸಿಗೆ ಇಳಿಯಿತು. ಪೂರ್ತಿ ಹೋಗಲಿಲ್ಲ, ಅರ್ಧ ಆಯಿತು. ಅರ್ಧ ಆದರೆ ನಿದ್ದೆ ಬರುತ್ತದೆ, ಅದೇನು ಸಣ್ಣ ಮಾತಲ್ಲ. ಈ ಮಾತ್ರೆಗಳು ತೂಬಿನ ಹಲಗೆಯ ಗೊಡವೆಗೆ ಹೋಗುವುದಿಲ್ಲ. ಬಡಿದುಕೊಳ್ಳುವ ನರವನ್ನು ಸುಮ್ಮನಾಗಿಸುತ್ತವೆ, ಇಲ್ಲವೇ ಮೆದುಳಿನಿಂದ ಕೆಳಗೆ ಬರುವ ಬೇರೆ ಬ್ರೇಕನ್ನು ಗಟ್ಟಿ ಮಾಡುತ್ತವೆ. ಆದ್ದರಿಂದ ಮ್ಯೂ ರಿಸೆಪ್ಟರ್ ಮಂಕಾಗಿದ್ದರೂ ಇವಕ್ಕೆ ಅಡ್ಡಿಯಿಲ್ಲ.

ಮೆಣಸಿನಕಾಯಿಯ ಖಾರದ ಅಂಶವಾದ ಕ್ಯಾಪ್ಸೈಸಿನ್‌ನ ಚರ್ಮಕ್ಕೆ ಅಂಟಿಸುವ ಪಟ್ಟಿಯೂ ಇದೆ. 2020ರಲ್ಲಿ ಎಫ್‌ಡಿಎ ಅದನ್ನು ಶುಗರ್‌ನ ಕಾಲು ನೋವಿಗೆ ಒಪ್ಪಿತು. ಅದನ್ನು ಹಾಕುವುದು ಕ್ಲಿನಿಕ್ಕಿನಲ್ಲಿ. ಇದನ್ನು ಓದಿ ಮನೆಯಲ್ಲಿ ಮೆಣಸಿನಪುಡಿ ಕಲಸಿ ಕಾಲಿಗೆ ಹಚ್ಚಬೇಡಿ, ದಯವಿಟ್ಟು. ಸ್ಪರ್ಶ ತಿಳಿಯದ ಕಾಲು ಸುಟ್ಟರೂ ಹೇಳುವುದಿಲ್ಲ. ಬಿಸಿನೀರಿನ ಬಕೆಟ್ ಕೂಡ ಹಾಗೇ.

ಇನ್ನೊಂದು ಸಣ್ಣ ವಿಷಯ. ಬಹಳ ವರ್ಷ ಮೆಟ್‌ಫಾರ್ಮಿನ್ ತೆಗೆದುಕೊಂಡವರಲ್ಲಿ ಬಿ12 ಕಡಿಮೆಯಾಗಬಹುದು. ಬಿ12 ಕೊರತೆಯಿಂದಲೂ ಕಾಲು ಜುಮ್ಮೆನ್ನುತ್ತದೆ, ಉರಿಯುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಗೊತ್ತಾಗುವ ಇದನ್ನು ಬಿಟ್ಟು ಜನ ವರ್ಷಗಟ್ಟಲೆ ನೋವಿನ ಮಾತ್ರೆ ನುಂಗುವುದನ್ನು ಕಂಡಿದ್ದೇನೆ.

ಇಲ್ಲಿಗೆ ನಿಲ್ಲಿಸಿದರೆ ಓಪಿಯಾಯ್ಡ್ ಕೆಟ್ಟದ್ದು ಎಂಬ ತೀರ್ಮಾನಕ್ಕೆ ಯಾರಾದರೂ ಬರಬಹುದು. ನಾನು ಹೇಳುತ್ತಿರುವುದು ಅದಲ್ಲ. ನಮ್ಮ ದೇಶದಲ್ಲಿ ಮಾರ್ಫಿನ್ ಸಿಗದೆ ನರಳಿದವರು ಲೆಕ್ಕವಿಲ್ಲದಷ್ಟು. ಅಮಲು ಪದಾರ್ಥಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಲ್ಲಿ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲೇ ಹೆದರುತ್ತಿದ್ದವು. 2014ರ ತಿದ್ದುಪಡಿಯಿಂದ ದಾರಿ ಸ್ವಲ್ಪ ಸಡಿಲವಾಯಿತು. ಬೆಂಗಳೂರಿನ ಕರುಣಾಶ್ರಯದಂಥ ಕಡೆ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ನೋಡಿಕೊಳ್ಳುವವರನ್ನು ಕೇಳಿದರೆ ಮಾರ್ಫಿನ್‌ನ ಬೆಲೆ ಏನು ಅಂತ ಗೊತ್ತಾಗುತ್ತದೆ. ಕ್ಯಾನ್ಸರ್ ನೋವಿನವರಿಗೆ, ದೊಡ್ಡ ಆಪರೇಷನ್ ಆದವರಿಗೆ ಶುಗರ್ ಇದ್ದರೂ ಈ ಔಷಧ ಬೇಕು. ಆದರೆ ಅವರ ಡೋಸ್ ಪಕ್ಕದ ಮಂಚ ನೋಡಿ ನಿಗದಿಯಾಗಬಾರದು. ಇತ್ತ ಅಂಗಾಲು ಉರಿಗೆ ಮೆಡಿಕಲ್ ಶಾಪಿನಲ್ಲಿ ಹಳೇ ಚೀಟಿ ತೋರಿಸಿ ಟ್ರಮಡಾಲ್ ತರುವವರಿದ್ದಾರೆ. 2018ರಿಂದ ಟ್ರಮಡಾಲ್ ಕೂಡ ಎನ್‌ಡಿಪಿಎಸ್ ಅಡಿಯಲ್ಲಿದೆ. ಬೇಕಾದವರಿಗೆ ಸಿಗುವುದಿಲ್ಲ, ಬೇಡದ ನೋವಿಗೆ ಸುಲಭವಾಗಿ ಬರುತ್ತದೆ. ಎರಡೂ ಒಂದೇ ಊರಿನಲ್ಲಿ ನಡೆಯುತ್ತದೆ.

ಒಂದು ಮಿತಿಯನ್ನೂ ಹೇಳಬೇಕು. ಮೇಲೆ ಬರೆದದ್ದರಲ್ಲಿ ಗಟ್ಟಿ ಪುರಾವೆ ಬಹುಪಾಲು ಇಲಿಗಳದ್ದು. ಇಲಿಗೆ ಶುಗರ್ ಬರುವುದು ದಿನಗಳಲ್ಲಿ. ಮಟ್ಟವೂ ವಿಪರೀತ, ಚಿಕಿತ್ಸೆಯೂ ಇರುವುದಿಲ್ಲ. ನಮಗೆ ಬರುವುದು ವರ್ಷಗಳಲ್ಲಿ, ಮಾತ್ರೆಗಳ ನಡುವೆ. ಜೊತೆಗೆ ಟ್ರಮಡಾಲ್, ಕೊಡೀನ್‌ನಂಥವು ಪಿತ್ತಜನಕಾಂಗದಲ್ಲಿ ರೂಪ ಬದಲಿಸಿದ ಮೇಲೆ ಚೆನ್ನಾಗಿ ನಾಟುವಂಥವು. ಆ ಕೆಲಸ ಮಾಡುವ ಕಿಣ್ವ ಹುಟ್ಟಿನಿಂದಲೇ ಒಬ್ಬೊಬ್ಬರಲ್ಲಿ ಒಂದೊಂದು ಥರ. ಅತ್ತೆಗೆ ಆ ರಾತ್ರಿ ಔಷಧ ನಾಟದ್ದಕ್ಕೆ ಶುಗರ್ ಕಾರಣವೋ, ಕಿಣ್ವ ಕಾರಣವೋ, ಎರಡೂ ಸೇರಿತ್ತೋ ಅಂತ ಯಾರೂ ಬೊಟ್ಟು ಮಾಡಿ ಹೇಳಲಾರರು. ಆದರೆ ಮೂರರಲ್ಲಿ ಯಾವುದಾದರೂ ಸರಿ, ಅವರ ನೋವು ನಿಜ.

ಈ ವರ್ಷ ಎಡ ಮಂಡಿಯ ಸರದಿ ಬಂತು. ಆಸ್ಪತ್ರೆ ಬೇರೆ. ಈ ಸಲ ನಾನು ಒಂದು ಹಾಳೆಯಲ್ಲಿ ಬರೆದು ಫೈಲಿನ ಮೇಲೇ ಇಟ್ಟಿದ್ದೆ. ಶುಗರ್ ಎಷ್ಟು ವರ್ಷದಿಂದ, ಎಚ್‌ಬಿಎ1ಸಿ ಎಷ್ಟು, ಕಿಡ್ನಿಯ ಸ್ಥಿತಿ ಹೇಳುವ ಕ್ರಿಯಾಟಿನಿನ್ ಎಷ್ಟು, ಯಾವ್ಯಾವ ಮಾತ್ರೆ, ರಾತ್ರಿ ಕಾಲು ಉರಿ, ಮಲಬದ್ಧತೆ, ಹೋದ ಸಲ ಟ್ರಮಡಾಲ್ ನಾಟಲಿಲ್ಲ. ಅರಿವಳಿಕೆ ಡಾಕ್ಟರು ನಿಂತೇ ಓದಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, "ಹೋದ ಸಲ ರಾತ್ರಿ ಏನಾಯ್ತು, ನೀವೇ ಹೇಳಿ ಅಮ್ಮ" ಅಂದರು. ತೊಡೆಯ ನರದ ಹತ್ತಿರ ಮರಗಟ್ಟಿಸುವ ಇಂಜೆಕ್ಷನ್ ಕೊಡುವುದು, ಹೊತ್ತು ಹೊತ್ತಿಗೆ ಪ್ಯಾರಾಸಿಟಮಾಲ್, ಓಪಿಯಾಯ್ಡ್ ಬೇಕೇ ಬೇಕಾದರೆ ಕಿಡ್ನಿ ನೋಡಿಕೊಂಡು ಸ್ವಲ್ಪ ಸ್ವಲ್ಪ ಎಂದು ತೀರ್ಮಾನವಾಯಿತು. ನಾಲ್ಕು ಗಂಟೆಗೊಮ್ಮೆ ನೋವು ಹತ್ತರಲ್ಲಿ ಎಷ್ಟು ಅಂತ ಕೇಳಿ ಬರೆದುಕೊಳ್ಳಲು ನರ್ಸ್‌ಗೆ ಹೇಳಿದರು.

ರಾತ್ರಿ ಹತ್ತಕ್ಕೆ ಕೇಳಿದಾಗ ಅತ್ತೆ "ನಾಲ್ಕು" ಅಂದರು. ಎರಡು ಗಂಟೆಗೆ ನರ್ಸ್ ಮತ್ತೆ ಬಂದದ್ದು ಶುಗರ್ ನೋಡಲು. ಬೆರಳು ಹಿಡಿದಾಗ ಅತ್ತೆ ಕಣ್ಣು ಬಿಡದೆ, ನಿದ್ದೆಗಣ್ಣಲ್ಲೇ "ಮೂರು" ಅಂದು ಆ ಕಡೆ ಮುಖ ತಿರುಗಿಸಿಕೊಂಡರು.